ಪ್ರಲಾಪ ಪ್ರಾರ್ಥನೆ: ಕ್ರೈಸ್ತ ಪರಂಪರೆಯಲ್ಲಿ ಮನೋವೇದನೆ ಮತ್ತು ಸಾಂತ್ವನ

ದುಃಖ, ಭಯ, ಒಂಟಿತನ, ಅಪರಾಧಪ್ರಜ್ಞೆಗಳಿಂದ ನಲುಗಿದ ಮನಸ್ಸು ತನ್ನ ಸಂಕಟವನ್ನು ಮುಚ್ಚಿಡದೆ ದೇವರ ಮುಂದೆ ತೋಡಿಕೊಳ್ಳುವ ಪ್ರಾರ್ಥನೆಯನ್ನು ಕ್ರೈಸ್ತರು ಪ್ರಲಾಪ ಎನ್ನುತ್ತಾರೆ. ಕ್ರೈಸ್ತ ವಿಶ್ವಾಸ ನೊಂದವರಿಗೆ ಏನು ಕೊಡುತ್ತದೆ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ ಭರವಸೆ: ದೇವರು ಕೈಬಿಡುವುದಿಲ್ಲ, ಎಲ್ಲದರ ಹಿಂದೆ ಒಂದು ಉದ್ದೇಶವಿದೆ, ಅಗಲಿದವರನ್ನು ಮುಂದೊಂದು ದಿನ ಕಾಣುತ್ತೇವೆ. ಸಾವಿನ ಮನೆಯಲ್ಲಿ ಪಾಸ್ಟರು ಹೇಳುವುದೂ, ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತ ಬಂಧುಗಳು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಆದರೆ ಈ ಪರಂಪರೆಯ ಮೂಲಗ್ರಂಥಗಳನ್ನು, ಅದರೊಳಗೆ ಬದುಕಿ ನರಳಿದವರ ಬರಹಗಳನ್ನು, ಕಳೆದ ಕೆಲವು ದಶಕಗಳ ಮನೋವೈಜ್ಞಾನಿಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಕ್ರಮ ಕಾಣುತ್ತದೆ. ಇಲ್ಲಿ ಸಾಂತ್ವನಕ್ಕಿಂತ ಮೊದಲು ಬರುವುದು ದೂರು. ದೂರಲು ಅವಕಾಶವಿದ್ದಲ್ಲಿ ಪ್ರಾರ್ಥನೆ ಆಸರೆಯಾಗಿದೆ. ಅವಕಾಶವಿಲ್ಲದಲ್ಲಿ ಅದೇ ವಿಶ್ವಾಸ ನೊಂದವರ ಹೆಗಲಿಗೆ ಇನ್ನೊಂದು ಹೊರೆಯಾಗಿದೆ.

ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಪ್ರಲಾಪಗಳೇ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಜರ್ಮನ್ ವಿದ್ವಾಂಸ ಹೆರ್ಮಾನ್ ಗುಂಕೆಲ್ ಕೀರ್ತನೆಗಳನ್ನು ಪ್ರಕಾರಗಳಾಗಿ ವಿಂಗಡಿಸಿದಾಗ, ಒಬ್ಬ ವ್ಯಕ್ತಿ ತನ್ನ ಕಷ್ಟವನ್ನು ಹೇಳಿಕೊಳ್ಳುವ ಪ್ರಾರ್ಥನೆಗಳ ಗುಂಪೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಇವುಗಳಿಗೆ ಒಂದು ನಡೆ ಇದೆ: ದೇವರನ್ನು ಕರೆಯುವುದು, ದೂರುವುದು, ಬೇಡುವುದು, ಕೊನೆಗೆ ಭರವಸೆ ಅಥವಾ ಸ್ತುತಿಯ ಹರಕೆ. 13ನೆಯ ಕೀರ್ತನೆಯಲ್ಲಿ ಇರುವುದು ಆರೇ ವಚನ. ಮೊದಲ ಎರಡರಲ್ಲೇ ಇನ್ನೆಷ್ಟು ಕಾಲ ಹೀಗೆ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಆರನೆಯದರಲ್ಲಿ ಹಾಡು ಕೇಳಿಸುತ್ತದೆ. ಎಲ್ಲ ಪ್ರಲಾಪಗಳೂ ಹೀಗೆ ಹೊರಳುವುದಿಲ್ಲ. 88ನೆಯ ಕೀರ್ತನೆ ಕತ್ತಲೆಯಲ್ಲೇ ನಿಂತುಬಿಡುತ್ತದೆ. ಹರಕೆಯಿಲ್ಲ, ಸ್ತುತಿಯಿಲ್ಲ, ಗೆಳೆಯರನ್ನೂ ನೀನೇ ದೂರ ಮಾಡಿದೆ ಎಂಬ ಆರೋಪದಲ್ಲೇ ಅದು ಮುಗಿಯುತ್ತದೆ. ಕೀರ್ತನೆಗಳನ್ನು ಸಂಕಲಿಸಿದವರು ಇದಕ್ಕೊಂದು ಸಮಾಧಾನದ ಬಾಲ ಅಂಟಿಸಬಹುದಿತ್ತು, ಅಂಟಿಸಲಿಲ್ಲ. ಹರಿದಾಸರ ನಿಂದಾಸ್ತುತಿಯನ್ನು ಬಲ್ಲ ಕನ್ನಡ ಓದುಗರಿಗೆ ದೇವರೊಡನೆ ಜಗಳ ಹೊಸದಲ್ಲ. ಆದರೆ ನಿಂದಾಸ್ತುತಿಯ ಬೈಗುಳದೊಳಗೆ ಹೊಗಳಿಕೆ ಅಡಗಿರುತ್ತದೆ, ಕೇಳುವವರಿಗೆ ಅದು ಗೊತ್ತಿರುತ್ತದೆ. 88ನೆಯ ಕೀರ್ತನೆಯಲ್ಲಿ ಅಡಗಿಸಿಟ್ಟದ್ದೇನೂ ಇಲ್ಲ, ಅದು ಅಸಲು ತಕರಾರು.

ಜೆರುಸಲೇಮಿನ ಪತನದ ನಂತರ, ಕ್ರಿ.ಪೂ. 6ನೆಯ ಶತಮಾನದಲ್ಲಿ ರೂಪುಗೊಂಡ ಪ್ರಲಾಪಗಳು ಎಂಬ ಪುಸ್ತಕದ ಕಟ್ಟಡವನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರ. ಮೊದಲ, ಎರಡನೆಯ ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ 22 ವಚನಗಳಿದ್ದು, ಒಂದೊಂದೂ ಒಂದೊಂದು ಅಕ್ಷರದಿಂದ ಆರಂಭವಾಗುತ್ತದೆ. ಮೂರನೆಯದರಲ್ಲಿ ಪ್ರತಿ ಅಕ್ಷರಕ್ಕೂ ಮೂರು ವಚನ, ಒಟ್ಟು 66. ಐದನೆಯದರಲ್ಲಿ ವಚನಗಳ ಸಂಖ್ಯೆ ಮತ್ತೆ 22, ಆದರೆ ಅಕ್ಷರಗಳ ಕ್ರಮ ಮಾತ್ರ ಇಲ್ಲ. ಸುಟ್ಟ ಊರು, ಹಸಿದ ಮಕ್ಕಳು, ಸತ್ತವರ ರಾಶಿ, ಇಂಥದ್ದನ್ನು ಹೇಳಲು ಕವಿ ಇಷ್ಟು ಬಿಗಿಯಾದ ಕಟ್ಟನ್ನು ಆರಿಸಿಕೊಂಡದ್ದು ಅಲಂಕಾರಕ್ಕಲ್ಲ. ಎಲ್ಲಿ ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೋಚದ ಅಳುವಿಗೆ ಅದು ಒಂದು ಮೊದಲನ್ನೂ ಒಂದು ಕೊನೆಯನ್ನೂ ಒದಗಿಸುತ್ತದೆ. ಮುಂದೆ ಬಂದ ಕ್ರೈಸ್ತ ಪ್ರಾರ್ಥನಾ ಪದ್ಧತಿಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಮಾಡಿದ್ದು ಇದೇ ಕೆಲಸ: ಮಾತು ಹೊರಡದವರಿಗೆ ಸಿದ್ಧವಾದ ಮಾತು ಕೊಡುವುದು.

ಬೈಬಲಿನ ಕಥನಭಾಗಗಳೂ ಇದೇ ಕಡೆಗೆ ವಾಲುತ್ತವೆ. ಎಲ್ಲವನ್ನೂ ಕಳೆದುಕೊಂಡು ನರಳುವ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಷ್ಟರ ಮಟ್ಟಿಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ಕಷ್ಟಕ್ಕೆ ಕಾರಣ ವಿವರಿಸತೊಡಗಿದ ಮೇಲೆ ಕೆಟ್ಟರು. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ದೇವರನ್ನು ಸಮರ್ಥಿಸಿಕೊಂಡ ಈ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಎನಿಸಿಕೊಳ್ಳುವವನು ದೇವರನ್ನೇ ಕಟಕಟೆಗೆ ಎಳೆದ ಯೋಬ. ಅರಸುಗಳ ಮೊದಲನೆಯ ಗ್ರಂಥದಲ್ಲಿ ಪ್ರವಾದಿ ಎಲೀಯ ಅರಣ್ಯದ ಒಂದು ಪೊದೆಯ ಕೆಳಗೆ ಕೂತು ಸಾವನ್ನು ಬೇಡುತ್ತಾನೆ. ಬಂದ ದೇವದೂತ ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದು, ಕುಡಿದು ಎಲೀಯ ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಎಬ್ಬಿಸಿ ತಿನ್ನಿಸುತ್ತಾನೆ. ದೇವರ ಮಾತು ಬರುವುದು ಆಮೇಲೆ, ಅದೂ ಪ್ರಶ್ನೆಯ ರೂಪದಲ್ಲಿ. ಗೆತ್ಸೆಮನೆ ತೋಟದಲ್ಲಿ ಯೇಸು ಒಂದೇ ಬೇಡಿಕೆಯನ್ನು ಮೂರು ಸಲ ಪ್ರಾರ್ಥಿಸುತ್ತಾರೆ, ಎಚ್ಚರವಾಗಿದ್ದು ಜೊತೆ ಕೊಡಿ ಎಂದು ಶಿಷ್ಯರನ್ನು ಕೇಳಿಕೊಳ್ಳುತ್ತಾರೆ. ಶಿಷ್ಯರು ನಿದ್ದೆಹೋಗುತ್ತಾರೆ. ಬೇಡಿದ್ದು ಈಡೇರುವುದೂ ಇಲ್ಲ. ಶಿಲುಬೆಯ ಮೇಲೆ ಅವರ ಬಾಯಿಂದ ಬರುವುದು 22ನೆಯ ಕೀರ್ತನೆಯ ಆರಂಭ, ದೇವರೇ ಕೈಬಿಟ್ಟನೆಂಬ ಕೂಗು. ತಾನು ಆರಾಧಿಸುವವನ ಬಾಯಲ್ಲೇ ಇಂಥ ಕೂಗನ್ನು ಇಟ್ಟಿರುವ ಧರ್ಮದಲ್ಲಿ, ಹತಾಶೆಯನ್ನು ಅವಿಶ್ವಾಸ ಎನ್ನುವುದು ತನ್ನ ಗ್ರಂಥಕ್ಕೇ ವಿರುದ್ಧವಾದ ಮಾತು.

4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋದ ಸನ್ಯಾಸಿಗಳು ಮನಸ್ಸಿನ ಈ ಸ್ಥಿತಿಗಳನ್ನು ತುಂಬ ಸೂಕ್ಷ್ಮವಾಗಿ ಗಮನಿಸಿದರು. ಅವರಲ್ಲೊಬ್ಬನಾದ ಇವಾಗ್ರಿಯಸ್ ಪಟ್ಟಿಮಾಡಿದ ಎಂಟು ದುರಾಲೋಚನೆಗಳಲ್ಲಿ ದುಃಖ ಒಂದು. ಯಾವುದರಲ್ಲೂ ಮನಸ್ಸಿಲ್ಲದ, ನಡುಮಧ್ಯಾಹ್ನ ಹೊತ್ತು ಹೋಗದೆ ಸೂರ್ಯ ಅಲ್ಲೇ ನಿಂತಂತೆ ತೋರುವ ಬೇಸರ ಇನ್ನೊಂದು. ಒಂದೊಂದು ಆಲೋಚನೆಗೂ ಎದುರು ಹೇಳಬೇಕಾದ ಬೈಬಲ್ ವಾಕ್ಯಗಳನ್ನು ಆತ ಒಂದು ಪುಸ್ತಕವಾಗಿಯೇ ಜೋಡಿಸಿಟ್ಟ. ಆತನ ಚಿಂತನೆಯನ್ನು ಪಶ್ಚಿಮಕ್ಕೆ ಒಯ್ದ ಜಾನ್ ಕಾಸಿಯನ್, ಸಹಾಯ ಬೇಡುವ ಒಂದೇ ಕೀರ್ತನಾವಾಕ್ಯವನ್ನು ದಿನವಿಡೀ ಪುನರುಚ್ಚರಿಸಲು ಹೇಳಿಕೊಟ್ಟರು. 6ನೆಯ ಶತಮಾನದ ಬೆನೆಡಿಕ್ಟರ ನಿಯಮಾವಳಿಯಂತೆ ಮಠದಲ್ಲಿ 150 ಕೀರ್ತನೆಗಳನ್ನೂ ವಾರಕ್ಕೊಮ್ಮೆ ಹಾಡಿ ಮುಗಿಸಬೇಕು. ಆ ವಾರ ಸಂತೋಷವಾಗಿದ್ದವನೂ 88ನ್ನು ಹಾಡಲೇಬೇಕು, ಕುಗ್ಗಿದವನ ಸುತ್ತ ಸ್ತುತಿಯೂ ಕೇಳಿಸಲೇಬೇಕು. ದುಃಖ ಒಬ್ಬನ ಖಾಸಗಿ ಗುಟ್ಟಾಗಿ ಉಳಿಯದಂತೆ ಮಾಡುವ ಏರ್ಪಾಡು ಇದು. ಓದು ಬಾರದ ಜನಸಾಮಾನ್ಯರಿಗೆ ಆ ಜಾಗದಲ್ಲಿ ಒದಗಿದ್ದು ಜಪಮಾಲೆ. 2001ರಲ್ಲಿ ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಮಂದಿ ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗದಲ್ಲಿ, ಲ್ಯಾಟಿನ್ ಭಾಷೆಯ ಮರಿಯಮ್ಮನ ಜಪವೂ ಯೋಗಮಂತ್ರವೂ ಉಸಿರಾಟವನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದವು, ಹೃದಯದ ಲಯವೂ ಅದಕ್ಕೆ ಹೊಂದಿಕೊಂಡಿತು. ಜಪ ಮಾಡುವವರಿಗೆ ಇದರಿಂದ ಆಶ್ಚರ್ಯವಾಗಲಾರದು. ಮಂತ್ರಕ್ಕೂ ಅದೇ ಫಲ ಸಿಕ್ಕಿರುವುದರಿಂದ ಇದನ್ನು ಕ್ರೈಸ್ತ ವಿಶ್ವಾಸದ ಪುರಾವೆಯೆಂದು ಬಳಸುವಂತಿಲ್ಲ. ದೇಹದ ಮಟ್ಟದಲ್ಲಿ ಪ್ರಾರ್ಥನೆ ಹೇಗೆ ಕೆಲಸಮಾಡುತ್ತದೆ ಎಂಬುದರ ಒಂದು ಎಳೆಯನ್ನು ಮಾತ್ರ ಅದು ತೋರಿಸುತ್ತದೆ.

16ನೆಯ ಶತಮಾನದ ಇಬ್ಬರು ಬದ್ಧವಿರೋಧಿಗಳು ಈ ವಿಷಯದಲ್ಲಿ ಮಾತ್ರ ಒಬ್ಬರಿಗೊಬ್ಬರು ಸಮೀಪ. ಮಾರ್ಟಿನ್ ಲೂಥರ್ ಜೀವನವಿಡೀ ತೀವ್ರವಾದ ಆತ್ಮಸಂಕಟಗಳಿಗೆ ಗುರಿಯಾದವರು. ತಮ್ಮ ಮಕ್ಕಳಿಗೆ ಪಾಠ ಹೇಳುತ್ತಿದ್ದ ಯುವಕ ಜೆರೋಮ್ ವೆಲ್ಲರ್ ಕುಗ್ಗಿಹೋದಾಗ 1530ರಲ್ಲಿ ಬರೆದ ಪತ್ರದಲ್ಲಿ ಅವರು ಕೊಟ್ಟ ಸಲಹೆ ಒಂಟಿಯಾಗಿರಬೇಡ, ನಾಲ್ಕು ಜನರ ಜೊತೆ ಸೇರು, ಕುಡಿ, ಹಾಸ್ಯಮಾಡು ಎಂಬ ಧಾಟಿಯದು. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲ ತಮ್ಮ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ, ಮನಸ್ಸು ಬತ್ತಿಹೋದ ಕಾಲದಲ್ಲಿ ಹಿಂದೆ ಮಾಡಿಕೊಂಡ ನಿರ್ಧಾರಗಳನ್ನು ಬದಲಿಸಬೇಡಿ ಎಂದು ನಿಯಮವನ್ನೇ ಮಾಡಿದರು. ಇಬ್ಬರಿಗೂ ಹತಾಶೆ ಎಂದರೆ ದಾಟಬೇಕಾದ ಒಂದು ಹವಾಮಾನ. ದೇವರ ತೀರ್ಪು ಎಂದು ಅದನ್ನು ಓದಬೇಕಾಗಿಲ್ಲ.

ಹಾಗೆ ಓದಿಕೊಂಡವರ ಕಥೆಯೂ ಇದೆ, ಅದನ್ನು ಮರೆಸಿ ಈ ವಾದವನ್ನು ಮುಂದುವರಿಸುವಂತಿಲ್ಲ. ಇಂಗ್ಲಿಷ್ ಕವಿ ವಿಲಿಯಂ ಕೂಪರ್ (1731–1800) 1763ರಲ್ಲಿ ಮಾನಸಿಕವಾಗಿ ಕುಸಿದು ಆತ್ಮಹತ್ಯೆಗೆ ಯತ್ನಿಸಿದವರು. ಚಿಕಿತ್ಸೆಯ ಅವಧಿಯಲ್ಲಿ ವಿಶ್ವಾಸ ಅವರಿಗೆ ಬಿಡುಗಡೆಯಾಗಿ ಬಂತು. ಹತ್ತು ವರ್ಷಗಳ ನಂತರ ಮತ್ತೆ ಕುಸಿದಾಗ, ದೇವರು ತನ್ನನ್ನು ಶಾಶ್ವತವಾಗಿ ತಿರಸ್ಕರಿಸಿದ್ದಾನೆಂಬ ನಂಬಿಕೆ ಅವರನ್ನು ಹಿಡಿದುಕೊಂಡಿತು, ಸಾಯುವವರೆಗೂ ಬಿಡಲಿಲ್ಲ. ಗೆಳೆಯ ಜಾನ್ ನ್ಯೂಟನ್ ಜೊತೆ ಅವರು ರಚಿಸಿದ ಗೀತೆಗಳು 1779ರಲ್ಲಿ ಪ್ರಕಟವಾಗಿ ಲಕ್ಷಾಂತರ ಜನರಿಗೆ ಸಮಾಧಾನ ಕೊಟ್ಟವು, ಬರೆದವರಿಗೆ ಮಾತ್ರ ಕೊಡಲಿಲ್ಲ. ಕೂಪರ್ ಒಬ್ಬರೇ ಆಗಿದ್ದರೆ ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಿಬಿಡಬಹುದಿತ್ತು. ಆದರೆ ಆತ್ಮಹತ್ಯೆ ಮಾಡಿಕೊಂಡವರಿಗೆ ಸಭೆಯ ಶವಸಂಸ್ಕಾರ ನಿರಾಕರಿಸುವ ಪದ್ಧತಿ ಶತಮಾನಗಳ ಕಾಲ ನಡೆಯಿತು. ಕಥೋಲಿಕ ಸಭೆಯ 1917ರ ಕಾನೂನುಸಂಹಿತೆಯಲ್ಲೂ ಆ ನಿರಾಕರಣೆ ಇತ್ತು, 1983ರ ಸಂಹಿತೆಯಲ್ಲಷ್ಟೇ ಅದು ಮಾಯವಾಯಿತು. ತೀವ್ರ ಮಾನಸಿಕ ಕ್ಷೋಭೆ ವ್ಯಕ್ತಿಯ ಹೊಣೆಯನ್ನು ತಗ್ಗಿಸುತ್ತದೆ, ಅಂಥವರಿಗಾಗಿ ಸಭೆ ಪ್ರಾರ್ಥಿಸುತ್ತದೆ ಎಂದು 1992ರ ಧರ್ಮೋಪದೇಶ ಗ್ರಂಥ ಹೇಳಿತು. ಎಲೀಯನಿಗೆ ರೊಟ್ಟಿ ಸಿಕ್ಕಿದ ಗ್ರಂಥವನ್ನು ಕೈಯಲ್ಲಿ ಹಿಡಿದ ಸಭೆಗೆ ಈ ಮಾತು ಹೇಳಲು ಇಷ್ಟು ಕಾಲ ಬೇಕಾಯಿತು ಎಂಬುದು ಸಣ್ಣ ಆಕ್ಷೇಪವಲ್ಲ.

ವಿಶ್ವಾಸ ಯಾವಾಗ ಆಸರೆ, ಯಾವಾಗ ಹೊರೆ ಎಂಬುದನ್ನು ಅಳೆಯಲು ಹೊರಟವರಲ್ಲಿ ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಮುಖ್ಯರು. 1998ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಅಳತೆಪಟ್ಟಿಯಲ್ಲಿ 14 ಅಂಶಗಳಿವೆ. ಏಳು ದೇವರಲ್ಲಿ ಆಸರೆ ಹುಡುಕುವ ಬಗೆಯವು, ಏಳು ದೇವರು ಶಿಕ್ಷಿಸುತ್ತಿದ್ದಾನೆ, ತೊರೆದಿದ್ದಾನೆ ಎಂಬ ಬಗೆಯವು. 2005ರಲ್ಲಿ 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೊದಲ ಬಗೆ ಒತ್ತಡದ ನಡುವೆಯೂ ಚೇತರಿಕೆಯ ಜೊತೆಗೆ, ಎರಡನೆಯದು ಖಿನ್ನತೆ ಮತ್ತು ಆತಂಕಗಳ ಜೊತೆಗೆ ಕಾಣಿಸಿಕೊಂಡವು. 2001ರ ಇನ್ನೊಂದು ಅಧ್ಯಯನ ಮತ್ತೂ ಕಟುವಾದದ್ದು. ಆಸ್ಪತ್ರೆಗೆ ದಾಖಲಾಗಿದ್ದ, 55 ದಾಟಿದ 596 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿದಾಗ, ದೇವರು ತೊರೆದನೇ ಎಂದು ತೊಳಲಾಡುತ್ತಿದ್ದವರಲ್ಲಿ ಸಾವಿನ ಸಂಭವ ಹೆಚ್ಚಿತ್ತು. ಪ್ರಲಾಪದ ಪರವಾದ ವಾದಕ್ಕೆ ಇದು ನೇರ ಪೆಟ್ಟು. ದೇವರು ತೊರೆದನೆಂದು ಕೂಗುವುದೇ ಪ್ರಲಾಪವಲ್ಲವೇ? ಹಾಗಿದ್ದರೆ ಅದು ಹಿತವೋ, ಅಪಾಯವೋ? ಉತ್ತರದ ಒಂದು ಭಾಗ ಅದೇ ತಂಡ 2004ರಲ್ಲಿ ಪ್ರಕಟಿಸಿದ ಮುಂದಿನ ಭಾಗದಲ್ಲಿದೆ: ಆರೋಗ್ಯ ಹದಗೆಡುವ ಹೆಚ್ಚಿನ ಅಪಾಯ ಕಂಡದ್ದು ಈ ತೊಳಲಾಟ ಎರಡು ವರ್ಷಗಳ ನಂತರವೂ ಹಾಗೇ ಉಳಿದವರಲ್ಲಿ. ಬಂದುಹೋಗುವ ಸಂಶಯಕ್ಕಿಂತ ಒಳಗೇ ಹೆಪ್ಪುಗಟ್ಟಿದ ಸಂಶಯ ಕೆಟ್ಟದು. ಉತ್ತರದ ಇನ್ನೊಂದು ಭಾಗವನ್ನು ಮನೋವಿಜ್ಞಾನಿ ಜೂಲಿ ಎಕ್ಸ್‌ಲೈನ್ ಮುಂತಾದವರು ಮಾಡಿದ ವಿಂಗಡಣೆಯಲ್ಲಿ ಹುಡುಕಬಹುದು: ಸಿಟ್ಟಿನಿಂದ ದೇವರಿಗೆ ಬೆನ್ನು ಹಾಕುವುದು ಬೇರೆ, ದೇವರ ಎದುರೇ ನಿಂತು ಪ್ರಶ್ನಿಸುವುದು ಬೇರೆ. ದೇವರು ನನ್ನನ್ನು ತೊರೆದಿದ್ದಾನೆ ಎಂದು ತನ್ನಷ್ಟಕ್ಕೆ ಕೊರಗುವವನಿಗೂ ಯಾಕೆ ತೊರೆದೆ ಎಂದು ದೇವರನ್ನೇ ಕೇಳುವವನಿಗೂ ಅಳತೆಪಟ್ಟಿಯಲ್ಲಿ ಒಂದೇ ಅಂಕ ಬೀಳಬಹುದು, ಆದರೆ ಅವರಿಬ್ಬರೂ ಮಾಡುತ್ತಿರುವುದು ಒಂದೇ ಕೆಲಸವಲ್ಲ.

ಪರರಿಗಾಗಿ ಮಾಡುವ ಪ್ರಾರ್ಥನೆಯ ಫಲವನ್ನು ಪ್ರಯೋಗದಿಂದ ಸಾಬೀತು ಮಾಡುವ ಯತ್ನಗಳು ಕೈಕೊಟ್ಟಿವೆ. ಅವುಗಳಲ್ಲಿ ದೊಡ್ಡದು 2006ರಲ್ಲಿ ಪ್ರಕಟವಾಯಿತು. ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳಲ್ಲಿ, ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದವರ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಖಚಿತವಾಗಿ ತಿಳಿದಿದ್ದವರಲ್ಲಿ ಶೇ. 59 ಮಂದಿಗೆ ತೊಡಕುಗಳಾದವು, ಉಳಿದವರಲ್ಲಿ ಶೇ. 51–52. ಸಂಶಯವಾದಿಗಳು ಇದನ್ನು ಖುಷಿಯಿಂದ ಎತ್ತಿ ಹೇಳುತ್ತಾರೆ, ಭಕ್ತರು ದೇವರನ್ನು ಪರೀಕ್ಷಿಸಬಾರದೆಂದು ನುಣುಚಿಕೊಳ್ಳುತ್ತಾರೆ. ಪ್ರಾರ್ಥನೆ ಗುಂಡಿ ಒತ್ತಿದರೆ ಫಲ ಕೊಡುವ ಯಂತ್ರವಲ್ಲ ಎಂಬುದು ಗೆತ್ಸೆಮನೆಯಲ್ಲೇ ಇತ್ಯರ್ಥವಾಗಿತ್ತು. ಅಪರಿಚಿತರು ದೂರದಿಂದ ಮಾಡಿದ ಪ್ರಾರ್ಥನೆಯಿಂದ ದೇಹ ಗುಣವಾಗುವುದೋ ಎಂಬ ಪ್ರಶ್ನೆಗೂ, ನೊಂದವರು ತಾವೇ ಮಾಡುವ ಪ್ರಾರ್ಥನೆಯಿಂದ ಅವರಿಗೆ ನೋವನ್ನು ಹೊರುವ ತ್ರಾಣ ಬರುವುದೋ ಎಂಬ ಪ್ರಶ್ನೆಗೂ ಅಂತರವಿದೆ.

ತಾತ್ವಿಕ ಆಕ್ಷೇಪಗಳು ಹಳೆಯವು, ಬಲವಾದವು. ದೊಡ್ಡವರಾದ ಮೇಲೂ ತಂದೆಯ ರಕ್ಷಣೆಗೆ ಹಂಬಲಿಸುವ ಮಗುವಿನ ಆಸೆಯೇ ದೇವರು ಎಂದು ಸಿಗ್ಮಂಡ್ ಫ್ರಾಯ್ಡ್ 1927ರಲ್ಲಿ ವಾದಿಸಿದರು. ಧರ್ಮ ಆಸೆ ಈಡೇರಿಸುವ ಭ್ರಮೆಯಾಗಿದ್ದರೆ ಅದು 88ನೆಯ ಕೀರ್ತನೆಯಂಥದ್ದನ್ನು ಯಾಕೆ ಸೃಷ್ಟಿಸಿಕೊಂಡಿತು ಎಂಬ ಪ್ರಶ್ನೆಗೆ ಈ ವಾದದಲ್ಲಿ ಸುಲಭದ ಉತ್ತರವಿಲ್ಲ. ಧರ್ಮವನ್ನು ಅಫೀಮಿಗೆ ಹೋಲಿಸಿದ ಮಾರ್ಕ್ಸ್ 1844ರ ಅದೇ ಬರಹದಲ್ಲಿ ಅದನ್ನು ನಿಜವಾದ ಸಂಕಟದ ವಿರುದ್ಧದ ಪ್ರತಿಭಟನೆ ಎಂದೂ ಗುರುತಿಸಿದ್ದರು. ಉಲ್ಲೇಖಿಸುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಅಮೆರಿಕದ ಕಪ್ಪುಜನರು ಗುಲಾಮಗಿರಿಯಲ್ಲಿ ಕಟ್ಟಿ ಹಾಡಿದ ಭಕ್ತಿಗೀತೆಗಳಲ್ಲಿ ದುಃಖವೂ ಬಿಡುಗಡೆಯ ಹಟವೂ ಒಂದೇ ಸೊಲ್ಲಿನಲ್ಲಿ ಇರುವುದನ್ನು ದೈವಶಾಸ್ತ್ರಜ್ಞ ಜೇಮ್ಸ್ ಕೋನ್ 1972ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಮೂರನೆಯ ಆಕ್ಷೇಪ ಹೆಚ್ಚು ಸೂಕ್ಷ್ಮ: ಮಾತಿನಲ್ಲಿ ಹೊರಹಾಕಿದರೆ ಮನಸ್ಸು ಹಗುರಾಗುತ್ತದೆ ಎಂಬುದಷ್ಟೇ ನಿಜವಾದರೆ ದೇವರೇಕೆ ಬೇಕು? 1986ರಿಂದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ನಡೆಸಿದ ಪ್ರಯೋಗಗಳಲ್ಲಿ, ಆಘಾತದ ಅನುಭವವನ್ನು ದಿನಕ್ಕೆ ಸ್ವಲ್ಪ ಹೊತ್ತು ಬರೆದವರಿಗೆ ಪ್ರಾರ್ಥನೆಯ ಸೋಂಕಿಲ್ಲದೆಯೂ ಪ್ರಯೋಜನವಾಯಿತು. ಇದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಬರೆಯಲು ಮಾತು ಬೇಕು, ತೀವ್ರ ದುಃಖದಲ್ಲಿ ಮೊದಲು ಕೈಕೊಡುವುದೇ ಮಾತು. ಕೀರ್ತನೆ ಮಾತನ್ನು ಸಾಲ ಕೊಡುತ್ತದೆ; ಅದೇ ಮಾತನ್ನು ಹಿಂದೆ ಎಷ್ಟೋ ಜನ ಹೇಳಿದ್ದಾರೆ ಎಂಬ ಅರಿವಿನಿಂದ ಒಂಟಿತನ ಸಡಿಲವಾಗುತ್ತದೆ; ಕೇಳುವವನೊಬ್ಬ ಇದ್ದಾನೆ ಎಂಬ ನಂಬಿಕೆ, ಅದೇ ಕೊರಗನ್ನು ಒಳಗೊಳಗೇ ಮೆಲುಕು ಹಾಕುವುದರಿಂದ ಹೊರಗೆಳೆಯುತ್ತದೆ. ನಂಬಿಕೆ ಇಲ್ಲದವರಿಗೆ ಈ ಕೊನೆಯದು ಸಿಗುವುದಿಲ್ಲ, ಅವರು ಅದನ್ನು ಸಾಂತ್ವನಕ್ಕಾಗಿ ನಟಿಸುವಂತೆಯೂ ಇಲ್ಲ.

ಸಾಂತ್ವನವೆಂದರೆ ಹಿತವಾದ ಅನುಭವ ಎಂದೇನೂ ಅಲ್ಲ ಎಂಬುದಕ್ಕೆ ಕೋಲ್ಕತ್ತದ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು ಸಾಕ್ಷಿ. ಅವು 2007ರಲ್ಲಿ ಪುಸ್ತಕವಾಗಿ ಬಂದಾಗ, ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಇರವೇ ಅನುಭವಕ್ಕೆ ಬರುತ್ತಿರಲಿಲ್ಲವೆಂದು ತಿಳಿದು ಜಗತ್ತು ಬೆಚ್ಚಿತು. ಕೆಲವರು ಇದನ್ನು ಆಷಾಢಭೂತಿತನ ಎಂದರು. ತೆರೇಸಾ ಆ ಕತ್ತಲೆಯನ್ನು ತಮ್ಮ ಆಧ್ಯಾತ್ಮಿಕ ಗುರುಗಳ ಬಳಿ ಹೇಳಿಕೊಳ್ಳುತ್ತಲೇ ಪ್ರಾರ್ಥಿಸಿದರು, ಕೆಲಸ ಮಾಡಿದರು. ಸಿ. ಎಸ್. ಲೂಯಿಸ್ ಹೆಂಡತಿಯ ಸಾವಿನ ನಂತರ 1961ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದ ಶೋಕದ ಟಿಪ್ಪಣಿಗಳು ಇದೇ ಜಾತಿಯವು. ಅದಕ್ಕೂ ಎರಡು ದಶಕ ಮೊದಲು ನೋವಿನ ಸಮಸ್ಯೆಗೆ ಅಚ್ಚುಕಟ್ಟಾದ ಉತ್ತರ ಬರೆದಿದ್ದ ಲೇಖಕ ಇಲ್ಲಿ ಉತ್ತರಗಳನ್ನೆಲ್ಲ ಕೆಳಗಿಟ್ಟಿದ್ದಾರೆ, ಎರಡರಲ್ಲಿ ನೊಂದವರು ಹುಡುಕಿ ಓದುವುದು ಇದನ್ನೇ.

ಪ್ರಾರ್ಥನೆ ಚಿಕಿತ್ಸೆಗೆ ಅಡ್ಡಿಯೆಂಬ ಭಯಕ್ಕೆ ಕಾರಣಗಳಿವೆ. ಖಿನ್ನತೆಯನ್ನು ದೆವ್ವದ ಕಾಟವೆಂದು, ಮಾತ್ರೆ ನುಂಗುವುದನ್ನು ವಿಶ್ವಾಸದ ಕೊರತೆಯೆಂದು ಸಾರುವ ಬೋಧಕರು ಇದ್ದಾರೆ. ಅವರಿಗೆ ಉತ್ತರ ಬೈಬಲಿನಲ್ಲೇ ಇದೆ. ಕಥೋಲಿಕರ ಬೈಬಲಿಗೆ ಸೇರಿದ ಸಿರಾಖನ ಗ್ರಂಥದ 38ನೆಯ ಅಧ್ಯಾಯ ಕಾಯಿಲೆಬಿದ್ದವನಿಗೆ ಪ್ರಾರ್ಥಿಸಲೂ ಹೇಳುತ್ತದೆ, ವೈದ್ಯನಿಗೆ ಜಾಗ ಬಿಡಲೂ ಹೇಳುತ್ತದೆ, ಅವನನ್ನು ಸೃಷ್ಟಿಸಿದವನೂ ದೇವರೇ ಎನ್ನುತ್ತದೆ. ಸಾಯುವ ಯೋಚನೆ ಕಾಡುತ್ತಿರುವವರಿಗೆ ಪ್ರಾರ್ಥನೆಯೊಂದೇ ಸಾಕೆನ್ನುವುದು ಅಪರಾಧಕ್ಕೆ ಸಮ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಕನ್ನಡಕ್ಕೆ ಇಡೀ ಬೈಬಲ್ 1831ರಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತಿತರರ ಶ್ರಮದಿಂದ ಬಂತು. ಕೀರ್ತನೆಗಳ ಪ್ರಲಾಪ ಅಂದಿನಿಂದ ಕನ್ನಡದ ಮಾತೂ ಹೌದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡ ಗೀತೆಗಳನ್ನು ಹೊಂದಿಸಿದರು. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನ ಬಸಿಲಿಕದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೂ, ಕಾರ್ಕಳ ಬಳಿಯ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೂ ಕ್ರೈಸ್ತರಲ್ಲದವರೂ ದೊಡ್ಡ ಸಂಖ್ಯೆಯಲ್ಲಿ ಹರಕೆ ಹೊತ್ತು ಬರುತ್ತಾರೆ. ಅವರಿಗೆ ಬೇಕಾದದ್ದು ಸಿದ್ಧಾಂತವಲ್ಲ, ಕಷ್ಟ ಹೇಳಿಕೊಳ್ಳಲು ಒಂದು ಜಾಗ.

ಇಷ್ಟಾದರೂ ಸಾರ್ವಜನಿಕ ಆರಾಧನೆಯಲ್ಲಿ ಪ್ರಲಾಪಕ್ಕೆ ಸಿಗುವ ಪಾಲು ಇಳಿದಿದೆ. ಕಥೋಲಿಕ ಸಭೆ ದೈನಂದಿನ ಪ್ರಾರ್ಥನಾಕ್ರಮವನ್ನು 1970ರ ದಶಕದ ಆರಂಭದಲ್ಲಿ ಪರಿಷ್ಕರಿಸಿದಾಗ, ಶತ್ರುಗಳನ್ನು ಶಪಿಸುವ 58, 83 ಮತ್ತು 109ನೆಯ ಕೀರ್ತನೆಗಳನ್ನು ಇಡಿಯಾಗಿ ಕೈಬಿಟ್ಟಿತು. ಸ್ತುತಿಗೀತೆಗಳೇ ತುಂಬಿದ ಇಂದಿನ ಸಂಗೀತಪ್ರಧಾನ ಆರಾಧನೆಗಳಲ್ಲಿ ಮಗುವನ್ನು ಕಳೆದುಕೊಂಡವರು ಬಾಯಿ ಬಿಡಲು ಸಾಲೊಂದೂ ಸಿಗದೆ ನಿಲ್ಲಬೇಕಾಗುತ್ತದೆ. ಬೈಬಲ್ ವಿದ್ವಾಂಸ ವಾಲ್ಟರ್ ಬ್ರೂಗೆಮಾನ್ 1986ರ ಪ್ರಬಂಧವೊಂದರಲ್ಲಿ ಇದನ್ನು ದುಬಾರಿಯ ನಷ್ಟವೆಂದು ಕರೆದರು. ದೂರು ನಿಷಿದ್ಧವಾದಲ್ಲಿ ಉಳಿಯುವುದು ಹೌದಪ್ಪನ ಭಕ್ತಿ ಇಲ್ಲವೇ ತಪ್ಪೆಲ್ಲ ನನ್ನದೇ ಎಂಬ ಕೊರಗು ಎಂಬುದು ಅವರ ವಾದ. ಪಶ್ಚಿಮದ ಕೆಲವು ಸಭೆಗಳು ಈಗ ಡಿಸೆಂಬರ್ 21ರ ಸುಮಾರಿಗೆ, ವರ್ಷದ ಅತಿ ದೀರ್ಘ ರಾತ್ರಿಯಂದು, ಕ್ರಿಸ್ಮಸ್ ಸಂಭ್ರಮಕ್ಕೆ ಸೇರಲಾರದವರಿಗಾಗಿ ಪ್ರತ್ಯೇಕ ಆರಾಧನೆ ನಡೆಸುತ್ತವೆ. ಕನ್ನಡ ಸಭೆಗಳಲ್ಲಿ ಅದಕ್ಕೆ ಹತ್ತಿರದ್ದು ನವೆಂಬರ್ 2ರಂದು ಕಥೋಲಿಕರು ಸಮಾಧಿಗಳಿಗೆ ಹೂವು, ಮೇಣದಬತ್ತಿ ಒಯ್ಯುವ ದಿನ, ಮತ್ತು ಪ್ರೊಟೆಸ್ಟೆಂಟರು ಶುಭ ಶುಕ್ರವಾರ ನಡುಹಗಲಿನಿಂದ ಮೂರು ಗಂಟೆಗಳ ಕಾಲ ನಡೆಸುವ ಆರಾಧನೆ. 17ನೆಯ ಶತಮಾನದ ಕೊನೆಗೆ ಪೆರುವಿನ ಲೀಮಾದಲ್ಲಿ ಯೇಸುಸಭೆಯ ಗುರುಗಳು ರೂಪಿಸಿದ ಈ ಕ್ರಮದಲ್ಲಿ ಶಿಲುಬೆಯ ಮೇಲಿನ ಏಳು ಮಾತುಗಳ ಮೇಲೆ ಏಳು ಉಪದೇಶಗಳಿರುತ್ತವೆ. ನಾಲ್ಕನೆಯದು 22ನೆಯ ಕೀರ್ತನೆಯ ಕೂಗು. ಆ ಉಪದೇಶ ಮಾಡುವವರು ಅದನ್ನು ಪುನರುತ್ಥಾನದ ಕಡೆಗೆ ಅವಸರದಲ್ಲಿ ದಾಟಿಸುತ್ತಾರೋ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೋ ಎಂಬುದರ ಮೇಲೆ ಆ ಸಭೆಯಲ್ಲಿ ಕೂತ ನೊಂದವರಿಗೆ ಏನು ಸಿಗುತ್ತದೆಂಬುದು ನಿಂತಿದೆ.